ಪಾಯಿಂಟ್ ನಲವತ್ತೆರಡು

"ಅದನ್ನ ಬಿಚ್ಚಬ್ಯಾಡ್ರೀ ಅಕ್ಕಾರ," ಎನ್ನುತ್ತ ಬಾಗಿಲಲ್ಲಿ ನಿಂತಿದ್ದ ತಾಯಿ ಒಂದು ಹೆಜ್ಜೆ ಒಳಗೆ ಬಂದಳು. "ದರ್ಗಾದಾಗ ಕಟ್ಟಿಸಿದ್ದು. ಕಟ್ಟಿದಾಗಿಂದ ಒಂದಿನಾನೂ ಬಿಚ್ಚಿಲ್ಲ."

ಸತ್ಯಭಾಮಾ ಹುಡುಗಿಯ ಎಡ ಮಣಿಕಟ್ಟಿನ ತಾಯತವನ್ನು ಮೊಣಕೈ ಕಡೆಗೆ ಸರಿಸಿ, ಆ ಜಾಗಕ್ಕೆ ಇಸಿಜಿಯ ಕ್ಲಿಪ್ಪು ಹಾಕಿದಳು. "ಬಿಚ್ಚಂಗಿಲ್ರೀ ತಾಯಿ, ಒಂಚೂರು ಮ್ಯಾಲೆ ಸರಸೀನಿ ಅಷ್ಟ. ನೀವು ಹೊರಗ ಬೆಂಚಿನ ಮ್ಯಾಲೆ ಕುಂದರ್ರಿ."

ತಾಯಿ ಹೊರಗೆ ಹೋದಳು, ಆದರೆ ಕೂರಲಿಲ್ಲ. ಪರದೆಯ ಕೆಳಗೆ ಅವಳ ಸಿಮೆಂಟು ಕಚ್ಚಿದ ಹಿಮ್ಮಡಿಗಳು ಕಾಣುತ್ತಲೇ ಇದ್ದವು.

ಪಟಾನ್‌ಚೆರು ಬಸ್‌ಸ್ಟ್ಯಾಂಡಿನ ಹಿಂದೆ, ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ತಪಾಸಣೆ ಕೇಂದ್ರ. ಅವತ್ತು ಮಾತ್ರೆ ಪ್ಯಾಕ್ ಮಾಡುವ ಒಂದು ಕಾರ್ಖಾನೆ ಇಪ್ಪತ್ತೆರಡು ಹುಡುಗಿಯರನ್ನು ಮೆಡಿಕಲ್‌ಗೆ ಕಳಿಸಿತ್ತು. ರಕ್ತ, ಎಕ್ಸ್‌ರೇ, ಇಸಿಜಿ, ಕೊನೆಗೆ ಡಾಕ್ಟರ ಸಹಿ. ಸಹಿ ಬಿದ್ದವರು ಸೋಮವಾರದಿಂದ ಕೆಲಸಕ್ಕೆ. ಈ ಹುಡುಗಿ ಹನ್ನೊಂದನೆಯವಳು. ಹೆಸರು ರೇಣುಕಾ, ವಯಸ್ಸು ಹತ್ತೊಂಬತ್ತು, ಊರು ಲಿಂಗಸುಗೂರು ಕಡೆ ಎಂದು ಫಾರಂ ಹೇಳುತ್ತಿತ್ತು.

ಎದೆಗೆ ಜೆಲ್ ತಾಗಿದ್ದೇ ಹುಡುಗಿ ಕಿಸಕ್ಕನೆ ನಕ್ಕಳು. "ಭಾಳ ತಂಪೈತ್ರೀ."

"ನಗಬ್ಯಾಡವಾ. ನೀ ನಕ್ರ ಗೀಟೂ ನಗತಾವು. ಆಮೇಲೆ ಡಾಕ್ಟರು ನನ್ನ ಬೈತಾರ."

ಹುಡುಗಿ ತುಟಿ ಕಚ್ಚಿ ಸುಮ್ಮನಾದಳು. ಯಂತ್ರ ಕಿರ್ರೆಂದು ಕೆಂಪು ಚೌಕಳಿಯ ಕಾಗದವನ್ನು ಉಗುಳಿತು. ಮೇಲಿನ ಮೂಲೆಯಲ್ಲಿ ಅದರ ಲೆಕ್ಕ ಅಚ್ಚಾಗಿತ್ತು: ಕ್ಯೂಟಿಸಿ ೪೩೯. ಹೆಂಗಸರಿಗೆ ನಾನೂರ ಅರವತ್ತರೊಳಗಿದ್ದರೆ ಸರಿ. ಬೇರೆ ಯಾರಾದರೂ ಆಗಿದ್ದರೆ ಕಾಗದ ಹರಿದು ಫೈಲಿಗೆ ಸಿಕ್ಕಿಸಿ ಹನ್ನೆರಡನೆಯವಳನ್ನು ಕರೆಯುತ್ತಿದ್ದರು. ಸತ್ಯಭಾಮಾ ಮಾತ್ರ ಏಪ್ರನ್ನಿನ ಜೇಬಿನಿಂದ ಶಾಲೆಯ ಮಕ್ಕಳ ಎರಡು ಮುಳ್ಳಿನ ಕೈವಾರ ತೆಗೆದು, ಕಿಟಕಿಯ ಬೆಳಕಿಗೆ ಹೋಗಿ ನಿಂತಳು.

ಪಕ್ಕದ ಕೋಣೆಯಲ್ಲಿ ರಕ್ತ ತೆಗೆಯುತ್ತಿದ್ದ ಗೋಪಿನಾಥ ಬಗ್ಗಿ ನೋಡಿದ. "ಸತ್ಯಕ್ಕಾ, ಶುರು ಆತೇನು? ಪಾಪ, ಮಷಿನ್‌ದ ನೌಕರಿ ಯಾಕ ಕಸಗೊಂತೀರಿ?"

"ನೀ ಸೂಜಿ ಸರಿಯಾಗಿ ಚುಚ್ಚು. ಮುಂಜಾನಿ ಒಬ್ಬಾಕಿಗೆ ಮೂರು ಸಲ ಚುಚ್ಚೀದಿ."

ಅವಳು ಇದನ್ನು ಯಾವ ಪುಸ್ತಕದಿಂದಲೂ ಕಲಿತವಳಲ್ಲ. ಗಂಗಾವತಿಯಿಂದ ಮದುವೆಯಾಗಿ ಈ ತೆಲುಗು ಊರಿಗೆ ಬಂದು, ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿ, ನೆಲ ಒರೆಸುತ್ತ ಒರೆಸುತ್ತ ಯಾವ ವೈರು ಎಲ್ಲಿಗೆ ಎಂದು ನೋಡಿಕೊಂಡವಳು. ಎದೆ ಒಮ್ಮೆ ಬಡಿದು, ದಣಿವಾರಿಸಿಕೊಂಡು, ಇನ್ನೊಮ್ಮೆ ಬಡಿಯಲು ತಯಾರಾಗುವ ತನಕ ಹಿಡಿಯುವ ಹೊತ್ತೇ ಕ್ಯೂಟಿ. ಕಾಗದದ ಮೇಲೆ ಒಂದು ಸಣ್ಣ ಮೊನೆಯಿಂದ ಶುರುವಾಗಿ, ಆಚೆ ಟಿ ಎಂಬ ಗುಡ್ಡ ಇಳಿದು ನೆಲ ಮುಟ್ಟುವವರೆಗೆ ಅದರ ಅಳತೆ. ನಾಡಿ ಓಡಿದರೆ ಇದು ಗಿಡ್ಡವಾಗುತ್ತದೆ, ನಿಧಾನವಾದರೆ ಉದ್ದವಾಗುತ್ತದೆ. ಅಂಗಿ ಸಡಿಲವೋ ಬಿಗಿಯೋ ಎಂದು ಅವರವರ ಮೈಗೆ ಹಿಡಿದು ನೋಡಬೇಕಲ್ಲ, ಹಾಗೆಯೇ ಇದನ್ನೂ ಅವರವರ ನಾಡಿಗೆ ಹಿಡಿದು ನೋಡಬೇಕು. ಎರಡು ಬಡಿತದ ನಡುವಿನ ಹೊತ್ತಿನ ವರ್ಗಮೂಲ ತೆಗೆದು ಅದರಿಂದ ಕ್ಯೂಟಿಯನ್ನು ಭಾಗಿಸಿದರೆ ಬರುವುದೇ ಕ್ಯೂಟಿಸಿ. ವರ್ಗಮೂಲವೆಂದರೇನು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಯಾವ ಗುಂಡಿ ಒತ್ತಬೇಕು ಎಂದು ಎದುರುಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ತೋರಿಸಿಕೊಟ್ಟಿದ್ದಳು. ಅಷ್ಟು ಸಾಕಾಗಿತ್ತು.

ಬಡಿತದಿಂದ ಬಡಿತಕ್ಕೆ ಇಪ್ಪತ್ನಾಲ್ಕು ಚಿಕ್ಕ ಚೌಕ. ಮೊನೆಯಿಂದ ಗುಡ್ಡದ ಕೊನೆಗೆ ಹನ್ನೊಂದಕ್ಕೆ ಸ್ವಲ್ಪ ಕಡಿಮೆ, ಯಂತ್ರ ಹೇಳಿದಂತೆಯೇ. ಕೈವಾರ ಮಡಚುವವಳಿದ್ದಳು. ಆಗ ಕಣ್ಣಿಗೆ ಬಿತ್ತು. ಗುಡ್ಡ ಅಲ್ಲಿಗೆ ಮುಗಿದಿರಲಿಲ್ಲ. ಇಳಿದಂತೆ ಮಾಡಿ, ನೆಲ ಮುಟ್ಟದೆ, ಒಂಟೆಯ ಎರಡನೆಯ ಡುಬ್ಬದ ಹಾಗೆ ತುಸುವೇ ಮತ್ತೆ ಎದ್ದು, ಆಮೇಲೆ ಇಳಿದಿತ್ತು. ಯಂತ್ರ ಮೊದಲನೆಯ ಇಳಿಜಾರಿಗೇ ಮೋಸ ಹೋಗಿತ್ತು. ಅವಳು ಒಂದೊಂದೇ ಚೌಕ ಮತ್ತೆ ಎಣಿಸಿದಳು. ಹದಿಮೂರು. ಫೋನಿನ ಗುಂಡಿ ಒತ್ತಿದಳು. ಐನೂರ ಮೂವತ್ತು ಬಂತು. ತಪ್ಪು ಒತ್ತಿರಬೇಕು ಎಂದು ಇನ್ನೊಮ್ಮೆ ಒತ್ತಿದಳು. ಅದೇ.

ಐನೂರು ದಾಟಿದ ಎದೆಯನ್ನು ಅವಳು ಕಾಗದದ ಮೇಲೆ ಕಂಡದ್ದು ಇದೇ ಮೊದಲು. ಅಥವಾ ಇದೇ ಮೊದಲು ಎಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಅದೇ ಮೂರೂವರೆ ವರ್ಷದಿಂದ ಅವಳನ್ನು ಕಾಡುತ್ತಿದ್ದದ್ದು.

ಆಗ ಕೇಂದ್ರದಲ್ಲಿ ಹಳೆಯ ಯಂತ್ರವಿತ್ತು. ಗೀಟು ಎಳೆಯುತ್ತಿತ್ತು, ಲೆಕ್ಕ ಹೇಳುತ್ತಿರಲಿಲ್ಲ. ದೀಪಾವಳಿಯ ಮುಂಚೆ ಕಬ್ಬಿಣದ ಕಾರ್ಖಾನೆಯೊಂದು ಒಂದೇ ದಿನ ತೊಂಬತ್ತು ಗಂಡಾಳುಗಳನ್ನು ಕಳಿಸಿತ್ತು. ತೊಂಬತ್ತು ಕಾಗದ ಅಳೆಯುತ್ತ ಕೂತರೆ ರಾತ್ರಿಯಾಗುತ್ತದೆ. ಈ ಕೆಲಸದವರ ಬಳಿ ಅದಕ್ಕೊಂದು ಕಣ್ಣಳತೆ ಇತ್ತು: ಎರಡು ಬಡಿತದ ನಟ್ಟನಡುವೆ ಗೆರೆ ಎಳೆದಂತೆ ಅಂದುಕೋ, ಗುಡ್ಡ ಅದರೊಳಗೆ ಇಳಿದಿದ್ದರೆ ಪಾಸು. ಪಾಸಾದವರಿಗೆಲ್ಲ ಅವಳು ನೀಲಿ ಪೆನ್ನಿನಲ್ಲಿ .42 ಎಂದು ಬರೆಯುತ್ತಿದ್ದಳು. ಪಾಯಿಂಟ್ ನಲವತ್ತೆರಡು ಸೆಕೆಂಡು, ಈಗಿನ ಯಂತ್ರದ ಲೆಕ್ಕದಲ್ಲಿ ನಾನೂರಿಪ್ಪತ್ತು. ಅತ್ತ ಹೆಚ್ಚಲ್ಲ, ಇತ್ತ ಕಡಿಮೆಯಲ್ಲ, ಯಾರೂ ಕೇಳದ ಅಂಕಿ. ನಾಡಿ ನಿಧಾನವಿದ್ದವರಲ್ಲಿ ನಡುಗೆರೆಯೇ ದೂರ ಸರಿಯುತ್ತದೆ, ಉದ್ದದ ಗುಡ್ಡವೂ ಅದರೊಳಗೆ ಅಡಗಿ ಕೂರುತ್ತದೆ ಎಂದು ಅವಳಿಗೆ ಆಗ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಕಾರ್ಖಾನೆಯಿಂದ ಫೋನು ಬಂತು. ಹಂಪಯ್ಯ ಎಂಬ ಹುಡುಗ, ಇಪ್ಪತ್ತೆರಡು ವರ್ಷ, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕೂತವನು ಹಾಗೆಯೇ ಉರುಳಿದನಂತೆ. ಫೈಲಿನಲ್ಲಿ ಎಲ್ಲ ಸರಿ ಇದೆಯಲ್ಲ ಎಂದು ಅವರೂ ಕೇಳಿದ್ದಷ್ಟೇ. ಡಾ. ಪದ್ಮನಾಭ ಫೋನಿಗೆ ಕೈ ಅಡ್ಡ ಹಿಡಿದು, "ಅಳೆದಿದ್ರಿ ತಾನೇ?" ಎಂದರು. "ಹೌದು ಸರ್," ಎಂದಳು ಸತ್ಯಭಾಮಾ. ಮಾತು ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದು ಉಳಿದವರು ಅಂದುಕೊಂಡರು. ಅವಳಿಗೆ ಹೆಸರು ಸಿಕ್ಕಿತ್ತು, ಮುಖ ಸಿಕ್ಕಿರಲಿಲ್ಲ. ತೊಂಬತ್ತು ಜನರಲ್ಲಿ ಅವನು ಯಾರು? ಇಸಿಜಿಯವರು ಎದೆ ನೋಡುತ್ತಾರೆ, ಮುಖ ಯಾರು ನೋಡುತ್ತಾರೆ? ಮುಖವಿಲ್ಲದ ಸತ್ತವನು ಸಿಕ್ಕವರ ಮುಖವನ್ನೆಲ್ಲ ತೊಟ್ಟುಕೊಂಡ. ಬಸ್ಸಿನ ಕಂಬಿ ಹಿಡಿದು ನಿಂತ ಹುಡುಗ, ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲೇರುವ ಹುಡುಗ, ಫುಟ್‌ಪಾತಿನಲ್ಲಿ ಟೀ ಆರಿಸಿಕೊಳ್ಳುವ ಹುಡುಗ, ಎಲ್ಲರೂ ಒಂದು ಕ್ಷಣ ಅವನೇ ಆಗಿ, ಅವಳನ್ನು ನೋಡಿ, ಮತ್ತೆ ಬೇರೆ ಯಾರೋ ಆಗಿಬಿಡುತ್ತಿದ್ದರು. ಅಡುಗೆಮನೆಯ ಟೈಲ್ಸು, ಕಿಟಕಿಯ ಜಾಳಿಗೆ, ಮಗನ ಅಂಗಿಯ ಚೌಕಳಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವ ಚಾಳಿ ಹತ್ತಿತು. ಅಂದಿನಿಂದ ಒಂದು ಕಾಗದವನ್ನೂ ಅವಳು ಅಳೆಯದೆ ಬಿಟ್ಟಿಲ್ಲ.

ಈಗ ಅವಳು ಪರದೆ ಸರಿಸಿ ತಾಯಿಯನ್ನು ಒಳಗೆ ಕರೆದಳು. ಹುಡುಗಿ ಎದ್ದು ಕೂತು ದುಪಟ್ಟಾ ಸರಿಮಾಡಿಕೊಳ್ಳುತ್ತಿದ್ದಳು.

"ಈಕಿಗೆ ಎಂದರ ತಲಿ ತಿರುಗಿ, ಎಚ್ಚರ ತಪ್ಪಿ ಬಿದ್ದದ್ದು ಐತೇನ್ರಿ?"

"ಇಲ್ಲೇ ಇಲ್ರಿ. ಗುಂಡಕಲ್ಲಿದ್ದಂಗ ಅದಾಳ."

"ಬಿದ್ದಿದ್ನೆಲ್ಲವಾ," ಎಂದಳು ರೇಣುಕಾ. "ತಲಿದಿಂಬಿನ್ಯಾಗ ಫೋನಿನ ಗಂಟಿ ಬಡಕೊಂಡಾಗ. ಎರಡು ಸಲ."

"ಸುಮ್ಕಿರು! ಉಪವಾಸ ಇದ್ದಿ, ಅದಕ್ಕ." ತಾಯಿ ಮಗಳ ತೋಳು ಚಿವುಟಿದ್ದು ಸತ್ಯಭಾಮಾಳಿಗೆ ಕಂಡಿತು.

"ನಿಮ್ಮ ಮನ್ಯಾಗ ಸಣ್ಣ ವಯಸ್ಸಿನ್ಯಾಗ, ಇದ್ದಕ್ಕಿದ್ದಂಗ ಯಾರರ ತೀರಿಕೊಂಡಾರೇನು?"

ತಾಯಿ ಸೊಂಟದ ಚೀಲ ಬಿಚ್ಚಿ, ಬಸ್ ಪಾಸು, ಆಧಾರ್ ಕಾರ್ಡುಗಳ ನಡುವಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಅದರಲ್ಲಿ ಒಂದು ಕಾರ್ಖಾನೆಯ ಗುರುತಿನ ಚೀಟಿ, ಅದರ ಹಿಂದೆ ಮಡಚಿದ ಉದ್ದನೆಯ ಕಾಗದ.

"ನನ್ನ ಹಿರೇಮಗ ರೀ, ಹಂಪಯ್ಯ. ಇಲ್ಲೇ ನಿಮ್ಮ ಕಡೇನ ಮೆಡಿಕಲ್ ಆಗಿತ್ತು. ಎದಿ ಚಲೋ ಐತಿ ಅಂತ ಬರದುಕೊಟ್ಟಿದ್ರಿ. ಅವ ತೀರಿಕೊಂಡ ಮ್ಯಾಲೆ ಕಾರ್ಖಾನಿಯವರು ಬೂಟು, ಬಟ್ಟಿ ಕೊಡೂಮುಂದ ಇದನ್ನೂ ಕೊಟ್ರು. ಅವನ ಎದಿ ಹೊಡಕೊಂಡದ್ದು ಇದರಾಗ ಐತಂತ. ಹಂಗಾಗಿ ಇಟಗೊಂಡೀನಿ."

ಸತ್ಯಭಾಮಾ ಮೊದಲು ಗುರುತಿನ ಚೀಟಿ ನೋಡಿದಳು. ಸಾಧಾರಣ ಮುಖ. ತಂಗಿಯದೇ ಗಲ್ಲ. ನೆತ್ತಿಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಫೋಟೊದವನು ನಗಬೇಡ ಅಂದದ್ದಕ್ಕೆ ನಗು ತಡೆದುಕೊಂಡ ಹುಡುಗ. ಬಸ್ಸಿನಲ್ಲಿ, ಮೆಟ್ಟಿಲ ಮೇಲೆ ಕಂಡವರಲ್ಲಿ ಒಬ್ಬನೂ ಇವನಾಗಿರಲಿಲ್ಲ.

ಆಮೇಲೆ ಕಾಗದ ಬಿಡಿಸಿದಳು. ಅದು ಖಾಲಿಯಾಗಿತ್ತು.

ಆ ಬಗೆಯ ಕಾಗದದ ಮೇಲೆ ಯಂತ್ರ ಶಾಯಿಯಿಂದ ಬರೆಯುವುದಿಲ್ಲ, ಬಿಸಿಯಿಂದ ಬರೆಯುತ್ತದೆ. ಪ್ಲಾಸ್ಟಿಕ್ಕಿನೊಳಗೆ ಇಟ್ಟರೆ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ. ಕೆಂಪು ಚೌಕಗಳು ಹಾಗೇ ಇದ್ದವು, ಉಳುಮೆಯಾಗದ ಹೊಲದ ಹಾಗೆ. ಗೀಟು ಎಲ್ಲೂ ಇರಲಿಲ್ಲ. ಮೂಲೆಯಲ್ಲಿ ಮಾತ್ರ, ನಿನ್ನೆ ಬರೆದಷ್ಟು ಸ್ಪಷ್ಟವಾಗಿ, ಅವಳ ಕೈಬರಹ ನೀಲಿ ಶಾಯಿಯಲ್ಲಿ ಕೂತಿತ್ತು: ನಾಡಿ 50, .42.

ಐವತ್ತು. ನಿಧಾನದ ನಾಡಿ. ಎರಡು ಬಡಿತದ ನಡುವೆ ಮೂವತ್ತು ಚೌಕ, ನಡುಗೆರೆ ಹದಿನೈದರಲ್ಲಿ. ಗುಡ್ಡ ಹನ್ನೊಂದಕ್ಕೆ ಇಳಿದಿತ್ತೋ, ಹದಿನಾಲ್ಕಕ್ಕೋ? ಹನ್ನೊಂದಾದರೆ ಬದುಕು, ಹದಿನಾಲ್ಕಾದರೆ ಐನೂರು ದಾಟಿದ್ದು. ಎರಡಕ್ಕೂ ಅವಳ ಕಣ್ಣಳತೆ ಪಾಸು ಎಂದೇ ಹೇಳುತ್ತಿತ್ತು. ಬೆರಳು ತಾನಾಗಿಯೇ ಖಾಲಿ ಚೌಕಗಳ ಮೇಲೆ ಎಣಿಸಲು ಹೋಯಿತು. ಎಲ್ಲಿಂದ ಎಣಿಸುವುದು?

"ಕುಂದರ್ರಿ, ಬಂದೆ," ಎಂದು ಎರಡೂ ಕಾಗದ ಹಿಡಿದು ಡಾಕ್ಟರ ಕೋಣೆಗೆ ನಡೆದಳು.

ಪದ್ಮನಾಭ ಮೈಸೂರಿನವರು, ಒಳ್ಳೆಯ ಮನುಷ್ಯ. ಹತ್ತಕ್ಕೆ ಇನ್ನೊಂದು ಕ್ಲಿನಿಕ್ಕಿಗೆ ಓಡಬೇಕಾದವರು. "೪೩೯ ಇದೆಯಲ್ಲಮ್ಮ," ಎಂದು ಪೆನ್ನಿನ ಮುಚ್ಚಳ ತೆಗೆದರು.

"ಸರ್, ಸಹಿ ಹಾಕಬ್ಯಾಡ್ರಿ. ಗುಡ್ಡ ಎಲ್ಲಿ ಮುಗಿತೈತಿ ನೋಡ್ರಿ. ಇನ್ನೊಂದು ಡುಬ್ಬ ಐತಿ."

"ಅದು ಅಲುಗಾಟದ ಗೀಟು ಇರಬಹುದು. ಹುಡುಗಿ ಅಲ್ಲಾಡಿರ್ತಾಳೆ."

"ಎಲ್ಲಾ ಬಡಿತದಾಗೂ ಐತ್ರಿ. ಫೋನ್ ಬಡಕೊಂಡ್ರ ಎಚ್ಚರ ತಪ್ಪತಾಳಂತ. ಈಕಿ ಅಣ್ಣ ಹಾಸಿಗ್ಯಾಗ ಸತ್ತಾನ." ಅವಳು ಮಾಸಿದ ಕಾಗದವನ್ನು ಮೇಜಿನ ಮೇಲಿಟ್ಟಳು. "ಇದು ಅವಂದು. ಆ ಕಬ್ಬಿಣದ ಕಾರ್ಖಾನಿದು. ಅಳದೀನಿ ಅಂತ ನಿಮಗ ಹೇಳಿದ್ದೆ. ಅಳದಿರಲಿಲ್ಲ ಸರ್. ಅವತ್ತು ಯಾರದೂ ಅಳದಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಸ್ಕೇಲು ತೆಗೆದು ಹುಡುಗಿಯ ಕಾಗದವನ್ನು ತಾವೇ ಅಳೆದರು. ಒಮ್ಮೆ, ಎರಡನೇ ಗೀಟಿನಲ್ಲಿ ಇನ್ನೊಮ್ಮೆ. ಫಾರಂ ಮೇಲೆ ಅನರ್ಹ ಎಂದು ಬರೆದು, ಪಂಜಾಗುಟ್ಟದ ದೊಡ್ಡಾಸ್ಪತ್ರೆಯ ಹೃದಯ ವಿಭಾಗಕ್ಕೆ ಚೀಟಿ ಬರೆದರು.

"ಇವತ್ತೇ ಹೋಗಲಿ. ಇಂಥವರಿಗೆ ದಿಢೀರ್ ಸದ್ದು ಕೂಡ ಆಗಿಬರಲ್ಲ. ಮಾತ್ರೆ ಇದೆ, ಬದುಕ್ತಾರೆ." ಮಾಸಿದ ಕಾಗದವನ್ನು ಬೆರಳ ತುದಿಯಿಂದ ಅವಳ ಕಡೆಗೆ ತಳ್ಳಿದರು. "ಇದನ್ನ ವಾಪಸ್ ಕೊಟ್ಟುಬಿಡಿ. ಇದರಲ್ಲಿ ಏನೂ ಇಲ್ಲ. ಅರ್ಥ ಆಯ್ತಲ್ಲ? ಏನೂ ಇಲ್ಲ."

ಅರ್ಥವಾಗದಷ್ಟು ದಡ್ಡಿಯಲ್ಲ ಅವಳು. ಸುಮ್ಮನಿದ್ದರೆ ಅವಳ ನೌಕರಿಯೂ ಉಳಿಯುತ್ತದೆ, ಡಾಕ್ಟರ ಹೆಸರೂ ಉಳಿಯುತ್ತದೆ, ಹುಡುಗಿಗೆ ಚೀಟಿಯೂ ಸಿಕ್ಕಿದೆ.

ಆದರೆ ಬೆಂಚಿನ ಮೇಲಿದ್ದ ತಾಯಿ, ಬಂಡೆಮ್ಮ, ಚೀಟಿಯನ್ನು ಕೈಯಲ್ಲಿ ಹಿಡಿಯಲೇ ಇಲ್ಲ.

"ಕೆಲಸ ಇಲ್ಲ ಅಂದ್ರೇನ್ರಿ? ನೀರಿನ ನಳಕ್ಕ ಅಂತ ನಾಕಕ್ಕ ಎದ್ದು, ಖಾಲಿ ಹೊಟ್ಟಿಲೆ ಕರಕೊಂಡು ಬಂದೀನಿ. ಇಟ್ಟಂಗಿ ಹೊರೋದು ನನಗ ಮುಗೀಲಿ, ಆಕಿರ ನೆರಳಾಗ ಕುಂತು ದುಡೀಲಿ ಅಂತ."

"ದುಡೀತಾಳ, ಮೊದಲ ಔಷಧ ಆಗಲಿ. ಈಕಿ ಎದಿ ಸರಿ ಇಲ್ರಿ."

"ಮಗಂದು ಚಲೋ ಐತಿ ಅಂದ್ರಿ, ಅವ ಸತ್ತ. ಮಗಳದು ಚಲೋ ಇಲ್ಲ ಅಂತೀರಿ, ಆಕಿ ಎದುರಿಗೆ ಕುಂತು ನಗಾಕತ್ಯಾಳ. ನಿಮ್ಮ ಮಾತು ಯಾವ ಬಾಯಿಲೆ ನಂಬಲಿ ನಾನು?" ಬಂಡೆಮ್ಮನ ದನಿ ಏರಲಿಲ್ಲ. ಸಿಟ್ಟು ಬಂದಷ್ಟೂ ಅದು ಇಳಿಯುತ್ತಿತ್ತು. "ಲಿಂಗಂಪಲ್ಲಿ ಸ್ಟೇಷನ್ ಹತ್ರ ಇನ್ನೊಂದು ಲ್ಯಾಬ್ ಐತಂತ. ಅಲ್ಲಿ ಮಾಡಸ್ತೀನಿ. ನಡಿ ರೇಣುಕಾ."

ಅಲ್ಲಿಯೂ ಇಂಥದೇ ಯಂತ್ರ. ಅದೂ ಮೊದಲ ಡುಬ್ಬಕ್ಕೇ ನಿಲ್ಲುತ್ತದೆ. ಸೋಮವಾರ ಹುಡುಗಿ ಕಾರ್ಖಾನೆಯ ಸೈರನ್ನಿನ ಕೆಳಗಿರುತ್ತಾಳೆ.

"ರೇಣುಕಾ, ಗೋಪಿನಾಥನ ಹತ್ರ ಬಿಸ್ಕೀಟು ಐತಿ, ಈಸಗೊಂಡು ತಿನ್ನು, ಹೋಗವಾ," ಎಂದು ಹುಡುಗಿಯನ್ನು ಕಳಿಸಿ, ಸತ್ಯಭಾಮಾ ಬೆಂಚಿನ ಮುಂದೆ ನೆಲದ ಮೇಲೆಯೇ ಕುಕ್ಕರಗಾಲಿನಲ್ಲಿ ಕೂತಳು. ಮಾಸಿದ ಕಾಗದವನ್ನು ಬಂಡೆಮ್ಮನ ತೊಡೆಯ ಮೇಲೆ ಹರಡಿ, ನೀಲಿ ಅಂಕಿಯ ಮೇಲೆ ಬೆರಳಿಟ್ಟಳು.

"ಇದನ್ನ ಬರದಾಕಿ ನಾನ. ಅಳೀದ ಹಂಗ ಬರದೀನಿ. ಅವತ್ತು ಭಾಳ ಮಂದಿ ಇದ್ರು, ಕಣ್ಣಿಲೆ ನೋಡಿ ಎಲ್ಲಾರಿಗೂ ಇದನ್ನ ಬರದು ಒಗದೆ. ನಿಮ್ಮ ಮಗಂದು ಅಳದಿದ್ರ ಗೊತ್ತಾಗತಿತ್ತೇನೋ. ಗೊತ್ತಾಗಿದ್ರ ಅವಂಗೂ ಇಂಥದೊಂದು ಚೀಟಿ ಸಿಗತಿತ್ತು. ಇವತ್ತು ಈಕಿದು ನಾ ಎರಡು ಸಲ, ಡಾಕ್ಟರು ಎರಡು ಸಲ ಅಳದೀವಿ. ಅದಕ್ಕ ಹೇಳಾಕತ್ತೀನಿ."

ಬಂಡೆಮ್ಮ ಹೊಡೆಯುತ್ತಾಳೆ ಎಂದುಕೊಂಡಿದ್ದಳು. ಹೊಡೆದಿದ್ದರೆ ಹಗುರವಾಗುತ್ತಿತ್ತು. ಬಂಡೆಮ್ಮ ಅಂಕಿಯನ್ನೇ ನೋಡುತ್ತಿದ್ದಳು. ಓದಲು ಬಾರದ ಕಣ್ಣು ಅದರ ಸುತ್ತ ಎರಡು ಸಲ ಸುತ್ತಿ ಬಂತು.

"ಆವತ್ತು ನಾ ಕೂಗಿದ್ನೆರೀ," ಎಂದಳು ಕೊನೆಗೆ. "ಡ್ಯೂಟಿಗೆ ಹೊತ್ತಾತು ಅಂತ. ಹಂಪ್ಯಾ ಅಂತ ಜೋರಾಗಿ ಚೀರಿದೆ, ತಾಟೂ ಬಡದೆ. ಸಟ್ಟನೆ ಎದ್ದು ಕುಂತ, ನನ್ನ ಮಾರಿ ನೋಡಿದ, ಬಿದ್ದ. ನನ್ನ ದನೀನ ಅವನ್ನ ತಿಂತು ಅಂದ್ರು ಓಣ್ಯಾಗ. ಅವತ್ತಿಂದ ಯಾರನ್ನೂ ಕೂಗಿಲ್ಲ ನಾನು." ತಲೆಯೆತ್ತಿದಳು. "ಹಂಗಾರ ಅದು ನನ್ನ ದನಿ ಅಲ್ಲೇನ್ರಿ?"

ಅಲ್ಲ ಎಂದುಬಿಡುವುದು ಬಹಳ ಸುಲಭವಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಅತ್ತ ಹೆಚ್ಚಲ್ಲದ, ಇತ್ತ ಕಡಿಮೆಯಲ್ಲದ, ಯಾರೂ ತಿರುಗಿ ಕೇಳದ ಮಾತು.

"ನನಗ ಗೊತ್ತಿಲ್ಲವಾ," ಎಂದಳು ಸತ್ಯಭಾಮಾ. "ಇಂಥ ಎದಿ ಸಪ್ಪಳಕ್ಕ ಬೆದರತಾವಂತ. ಆದ್ರ ಮಕ್ಕಳನ್ನ ಕೂಗಿ ಎಬ್ಬಸದ ತಾಯಿ ಯಾರದಾಳ? ಕೂಗಿದ್ದು ತಪ್ಪಲ್ಲ. ಅಳೀದ ಬರದದ್ದು ತಪ್ಪು. ಅದು ನಂದು."

"ನಿಮಗ ಮಕ್ಕಳದಾವೇನು?"

"ಒಬ್ಬ ಮಗ ಅದಾನ."

"ಹ್ಯಾಂಗ ಎಬ್ಬಸ್ತೀರಿ ಅವನ್ನ?"

ಸತ್ಯಭಾಮಾ ನೆಲ ನೋಡಿದಳು. "ಕೂಗಿ."

ಬಂಡೆಮ್ಮ ಕಾಗದವನ್ನು ಹಳೆಯ ಮಡಿಕೆಯ ಗುಂಟವೇ ಮಡಚಿ, ಕವರಿಗೆ ಹಾಕಿ, ಚೀಲದ ದಾರ ಬಿಗಿದಳು. ಆಮೇಲೆ ಚೀಟಿಗೆ ಕೈ ಚಾಚಿದಳು. "ಯಾವ ಬಸ್ಸು?"

"ನಾನೂ ಬರ್ತೀನಿ."

"ಬರ್ರಿ," ಎಂದಳು ಬಂಡೆಮ್ಮ. ಬೇಕೆಂದೂ ಅಲ್ಲ, ಬೇಡವೆಂದೂ ಅಲ್ಲ.

ಉಳಿದ ಹನ್ನೊಂದು ಹುಡುಗಿಯರನ್ನು ಗೋಪಿನಾಥನಿಗೆ ಒಪ್ಪಿಸಿ, ಕೈವಾರವನ್ನೂ ಅವನ ಕೈಗೆ ಕೊಟ್ಟಳು. ಈ ಸಲ ಚೇಷ್ಟೆ ಮಾಡದೆ ಅವನು ಅದರ ಮುಳ್ಳು ಬಿಡಿಸಿ ನೋಡಿದ. ಡಾಕ್ಟರ ಕೋಣೆಯ ಬಾಗಿಲು ಹಾಕಿತ್ತು. ಅವಳು ತಟ್ಟಲಿಲ್ಲ.

ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು, ಕಿಟಕಿಗೆ ಹುಡುಗಿ, ನಡುವೆ ತಾಯಿ. ಲಿಂಗಂಪಲ್ಲಿ ದಾಟುವಷ್ಟರಲ್ಲಿ ರೇಣುಕಾ ತಾಯಿಯ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ನಾಲ್ಕಕ್ಕೆ ಎದ್ದವಳ ನಿದ್ದೆ, ಬಾಯಿ ತುಸು ತೆರೆದಿತ್ತು, ತುಟಿಯಂಚಿಗೆ ಬಿಸ್ಕೀಟಿನ ಪುಡಿ. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆದಾಗ ಬಂಡೆಮ್ಮ ಎರಡೂ ಅಂಗೈಗಳನ್ನು ಮಗಳ ಕಿವಿಗೆ ಮುಚ್ಚಿದಳು. ಆಮೇಲೆ ತೆಗೆಯಲೇ ಇಲ್ಲ. ಕೂಕಟ್‌ಪಲ್ಲಿಯ ಗದ್ದಲದುದ್ದಕ್ಕೂ ತುಂಬಿದ ಕೊಡ ಹಿಡಿದವಳಂತೆ ಆ ತಲೆಯನ್ನು ಹಿಡಿದೇ ಕೂತಳು. ಸತ್ಯಭಾಮಾ ಆಕಡೆ ಕೈ ಚಾಚಿ ಹುಡುಗಿಯ ಮಣಿಕಟ್ಟಿಗೆ ಬೆರಳಿಟ್ಟಳು. 

ಅಮೀರ್‌ಪೇಟೆ ಕಳೆದು, ಮುಂದಿನದೇ ಇಳಿಯುವ ಸ್ಟಾಪು. ಬಸ್ಸು ನಿಧಾನವಾಯಿತು. ಇಳಿಯುವವರು ಎದ್ದು ನಿಂತರು. ಬಂಡೆಮ್ಮ ಸತ್ಯಭಾಮಾಳನ್ನು ನೋಡಿದಳು. ಸತ್ಯಭಾಮಾ ಬಂಡೆಮ್ಮನನ್ನು ನೋಡಿದಳು. ಹುಡುಗಿಯನ್ನು ಅಲುಗಿಸಲು ಇಬ್ಬರ ಕೈಯೂ ಏಳಲಿಲ್ಲ.

ಕಂಡಕ್ಟರು ಸೀಟಿಯನ್ನು ಬಾಯಿಗೆ ಹಿಡಿದದ್ದು ಕಂಡು ಸತ್ಯಭಾಮಾ ಎದ್ದು ಓಡಿದಳು. "ಅನ್ನಾ, ಒಕ್ಕ ನಿಮಿಷಂ. ಅರವಕಂಡಿ, ದಂಡಂ ಪೆಡತಾ," ಎಂದು ತೆಲುಗಿನಲ್ಲಿ, ಒಂದು ನಿಮಿಷ ಕೂಗಬೇಡಿ ಎಂದು ಬೇಡಿಕೊಂಡು, ನಿಜವಾಗಿಯೂ ಕೈ ಮುಗಿದಳು. ಏನೋ ಬೈಯಲು ಹೊರಟಿದ್ದ ಅವನು ಸೀಟಿ ಕೆಳಗಿಳಿಸಿದ. ಬಸ್ಸು ಗುರುಗುಡುತ್ತ ನಿಂತಿತ್ತು. ಒಳಗಿದ್ದವರೆಲ್ಲ ಏನಾಯಿತೆಂದು ಕತ್ತು ತಿರುಗಿಸಿದರು.

ಬಂಡೆಮ್ಮ ಮಗಳ ಕಿವಿಗಳಿಂದ ಕೈ ತೆಗೆಯದೆಯೇ ಬಾಗಿದಳು. ತುಟಿ ಮುಂದೆ ಮಾಡಿ, ಹಸುಗೂಸಿಗೆ ಕುಡಿಸುವ ಹಾಲು ಆರಿಸುವವಳಂತೆ, ಆ ಹಣೆಯ ಮೇಲೆ ಮೆಲ್ಲಗೆ ಊದತೊಡಗಿದಳು.